ಉಳಿದ ದುಡ್ಡು ಯಾರದು?

ನಮ್ಮ ಧರ್ಮಕೇಂದ್ರದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ವಯಸ್ಸು ಎಪ್ಪತ್ತೆಂಟು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಲ್ಲಿ ಇನ್ನೊಮ್ಮೆ ರವೆ ಇಡ್ಲಿ ತಿನ್ನಬೇಕೆಂಬುದು ಅವರ ಬಹುದಿನದ ಆಸೆ. ಮಗ ಕಾರಿನಲ್ಲಿ ಕರೆದೊಯ್ಯುತ್ತೇನೆಂದರೂ ಒಪ್ಪಲಿಲ್ಲ. "ಬಸ್ಸಿನಲ್ಲಿ ಹೋಗಿ ತಿಂದವನು ನಾನು ಫಾದರ್, ಹಾಗೇ ಹೋಗಬೇಕು" ಎಂದರು. ಕಳೆದ ತಿಂಗಳು ಒಂದು ಶನಿವಾರ, ಬೆಳಗಿನ ಬಲಿಪೂಜೆ ಮುಗಿಸಿ ನಾವಿಬ್ಬರೂ ವೈಟ್‌ಫೀಲ್ಡ್ ಕಡೆಯಿಂದ ಹೊರಟೆವು. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆಯ ಉಪವಾಸ ಸಾಕೆಂದು ಎಷ್ಟು ಹೇಳಿದರೂ ಮೇಷ್ಟ್ರು ತಾಯಿ ಕಲಿಸಿದಂತೆ ನಡುರಾತ್ರಿಯಿಂದಲೇ ಏನೂ ಮುಟ್ಟುವುದಿಲ್ಲ. ಹಾಗಾಗಿ ಹಸಿವು ಜೋರಾಗಿತ್ತು.

ಮೆಟ್ರೊ ನಿಲ್ದಾಣದವರೆಗೆ ಬಸ್ಸು. ಅದರಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಸಿಕ್ಕಿದರು. ಮನೆಗೆಲಸಕ್ಕೆ ಹೊರಟಿದ್ದರು. "ಎಲ್ಲಿಗೆ ಫಾದರ್, ಇಷ್ಟು ಬೆಳಿಗ್ಗೆ?" ತಿಂಡಿ ತಿನ್ನಲು ಊರಿನ ಇನ್ನೊಂದು ತುದಿಗೆ ಹೋಗುತ್ತಿದ್ದೇನೆಂದು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಮೇಷ್ಟ್ರೇ ಹೇಳಿಬಿಟ್ಟರು. ಆಕೆ ನಕ್ಕರು. ಅವರ ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ ಇತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತವಷ್ಟೆ. "ತುಂಬಾ ಉಳಿತಾಯ ಆಗಿರಬೇಕಲ್ಲಮ್ಮಾ?" ಎಂದು ಕೇಳಿದೆ. "ಉಳೀತು ಫಾದರ್. ಆದ್ರೆ ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ್ರೆ, ನಿಂಗೀಗ ಬಸ್ಸು ಫ್ರೀ ಅಲ್ವಾ ಅಂತಾರೆ" ಎಂದರು. ದೂರಿನ ಧ್ವನಿಯಲ್ಲಲ್ಲ, ಹವಾಮಾನದ ಮಾತು ಹೇಳುವ ಹಾಗೆ. ಅಷ್ಟರಲ್ಲಿ ಅವರ ಸ್ಟಾಪು ಬಂತು.

ಆ ಮಾತು ನನ್ನ ಜೊತೆಗೇ ಮೆಟ್ರೊ ಹತ್ತಿತು. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ನಮ್ಮ ಕಡೆಯವರಿಗೆ ಅದೊಂದು ವರವೇ ಸರಿ. ಆದರೆ 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಶಕ್ತಿ ಯೋಜನೆ ಮೆಟ್ರೊಗೆ ಅನ್ವಯಿಸುವುದೂ ಇಲ್ಲ. ಆ ತಾಯಿ ಮೆಟ್ರೊ ಹತ್ತುವವರಲ್ಲ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು, ತೋಟದೊಳಗಿಂದಲೇ ನಡೆದೆವು. ಮೇಷ್ಟ್ರು ಎರಡು ಕಡೆ ಕಲ್ಲುಬೆಂಚಿನ ಮೇಲೆ ಕುಳಿತು ಸುಧಾರಿಸಿಕೊಂಡರು.

ಎಂ.ಟಿ.ಆರ್.ನಲ್ಲಿ ಹೆಸರು ಬರೆಸಿ ಕಾಯುತ್ತಾ ಕುಳಿತಾಗ ಅವರು ಹಳೆಯ ಕಥೆ ತೆಗೆದರು. ಯಜ್ಞನಾರಾಯಣ ಮಯ್ಯರು ಮತ್ತು ಸಹೋದರರು 1924ರಲ್ಲಿ ಕಟ್ಟಿದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಆದರೆ ಮೇಷ್ಟ್ರಿಗೆ ನೆನಪಿದ್ದದ್ದು ತುರ್ತುಪರಿಸ್ಥಿತಿಯ ಕಾಲ. 1975ರ ನಂತರ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಯನ್ನು ತೀರ ಕೆಳಗಿಳಿಸಿ ಗೊತ್ತುಮಾಡಿತು. ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಅದಕ್ಕೆ ಹಿಂದಿನ ಒಂದೆರಡು ವರ್ಷಗಳಲ್ಲಿ ಬೆಲೆಗಳು ವಿಪರೀತ ಏರಿ ಬಡವರು ಕಂಗೆಟ್ಟಿದ್ದರು. ಎಂ.ಟಿ.ಆರ್.ನವರ ಮುಂದೆ ಒಂದು ಸುಲಭದ ದಾರಿ ಇತ್ತು: ತುಪ್ಪದ ಜಾಗದಲ್ಲಿ ಬೇರೇನೋ ಹಾಕುವುದು, ಸಾಂಬಾರಿಗೆ ನೀರು ಸೇರಿಸುವುದು. ಅವರು ಹಾಗೆ ಮಾಡಲಿಲ್ಲ. ಅದೇ ರುಚಿಯ ತಿಂಡಿಯನ್ನು ಸರ್ಕಾರ ಹೇಳಿದ ಬೆಲೆಗೆ ಕೊಟ್ಟು, ದಿನದಿನದ ನಷ್ಟವನ್ನು ಹೊರಗೆ ಬೋರ್ಡಿನಲ್ಲಿ ಬರೆದು ತೂಗುಹಾಕಿದರು. ಕಡೆಗೆ ಹೋಟೆಲು ಮುಚ್ಚಿ ದಿನಸಿ ಮತ್ತು ಸಿದ್ಧ ಹಿಟ್ಟುಗಳ ವ್ಯಾಪಾರಕ್ಕೆ ಇಳಿದರು. ಬಾಗಿಲು ಮತ್ತೆ ತೆರೆದದ್ದು 1980ರ ದಶಕದಲ್ಲಿ.

"ಆ ಬೋರ್ಡು ಓದಿದಿರಾ ಮೇಷ್ಟ್ರೇ?"

"ಓದಿದೆ. ಓದಿ ಒಳಗೆ ಹೋಗಿ ಎರಡು ದೋಸೆ ಜಾಸ್ತಿ ತಿಂದೆ ಫಾದರ್. ಅಗ್ಗ ಅಲ್ಲವೇ!"

ಇಬ್ಬರೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಂತ ಅಗಸ್ಟೀನರು ಒಂದು ಪ್ರಸಂಗ ಹೇಳುತ್ತಾರೆ. ಒಬ್ಬ ವಿದೂಷಕ ನಾಟಕಶಾಲೆಯಲ್ಲಿ, ನಿಮ್ಮೆಲ್ಲರ ಮನಸ್ಸಿನಲ್ಲಿ ಏನಿದೆಯೆಂದು ಹೇಳುತ್ತೇನೆ ಎಂದು ಸಾರಿದನಂತೆ. ಜನ ಕಿಕ್ಕಿರಿದು ಸೇರಿದಾಗ, ಅಗ್ಗಕ್ಕೆ ಕೊಳ್ಳಬೇಕು, ದುಬಾರಿಗೆ ಮಾರಬೇಕು, ನಿಮಗಿರುವ ಆಸೆ ಇಷ್ಟೇ ಎಂದನಂತೆ. ಎಲ್ಲರೂ ಚಪ್ಪಾಳೆ ಹೊಡೆದರು. ಆದರೆ ಅಗಸ್ಟೀನರು ಅಲ್ಲಿಗೇ ಬಿಡುವುದಿಲ್ಲ. ತಮಗೆ ಗೊತ್ತಿದ್ದ ಒಬ್ಬರ ವಿಷಯ ಹೇಳುತ್ತಾರೆ: ಪುಸ್ತಕ ಮಾರಲು ಬಂದವನಿಗೆ ಅದರ ಬೆಲೆ ತಿಳಿಯದು, ತೀರ ಕಡಿಮೆ ಕೇಳಿದ, ಕೊಂಡವರು ಮಾತ್ರ ಅವನು ನಿರೀಕ್ಷಿಸದ ಸರಿಯಾದ ಬೆಲೆಯನ್ನೇ ಕೊಟ್ಟರು. ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದುವಾಗ ವ್ಯಾಪಾರಿಯ ಮೋಸ ನಮಗೆ ಸುಲಭವಾಗಿ ಅರ್ಥವಾಗುತ್ತಿತ್ತು. ಕೊಳ್ಳುವವನೂ ಅನ್ಯಾಯ ಮಾಡಬಲ್ಲ, ವಸ್ತುವಿನ ಬೆಲೆಗಿಂತ ಕಡಿಮೆ ಕೊಟ್ಟರೂ ನ್ಯಾಯದ ತಕ್ಕಡಿ ವಾಲುತ್ತದೆ ಎಂಬ ಭಾಗವನ್ನು ಪರೀಕ್ಷೆಗಾಗಿ ಮಾತ್ರ ಓದಿದ್ದೆ.

ಹಾಗಾದರೆ ಆ ತಾಯಿಯ ಉಚಿತ ಟಿಕೆಟ್ಟೂ ಅನ್ಯಾಯವೇ? ಅಲ್ಲವೆಂದೇ ನನ್ನ ಎಣಿಕೆ. ಆ ಟಿಕೆಟ್ಟಿನ ಹಣವನ್ನು ಸರ್ಕಾರ ನಮ್ಮೆಲ್ಲರ ತೆರಿಗೆಯಿಂದ ಭರಿಸುತ್ತದೆ. ಊರೆಲ್ಲ ಸೇರಿ ಹೊರುವ ಹೊರೆ ಅದು. ಎಪ್ಪತ್ತರ ದಶಕದ ಅಗ್ಗದ ದೋಸೆಯ ಹೊರೆ ಬಿದ್ದದ್ದು ಒಂದು ಅಡುಗೆಮನೆಯ ಮೇಲೆ. ಅಗ್ಗವೆಂಬುದು ಎಲ್ಲಿಂದಲೋ ಉದುರುವುದಿಲ್ಲ. ಯಾರೋ ಒಬ್ಬರು ಕೊಟ್ಟೇ ಇರುತ್ತಾರೆ. ಆ ತಾಯಿಯ ವಿಷಯದಲ್ಲಂತೂ ಇನ್ನೂ ವಿಚಿತ್ರ. ಊರೆಲ್ಲ ಸೇರಿ ಆಕೆಗೆಂದು ಕೊಟ್ಟ ಹಣ, ಸಂಬಳ ಏರಿಸದ ಮನೆಯವರ ಜೇಬಿಗೆ ಮೆಲ್ಲಗೆ ಜಾರುತ್ತಿದೆ. ಅವರು ಕದಿಯಲಿಲ್ಲ, ಬೈಯಲಿಲ್ಲ. ಆಕೆಯೂ ಒಪ್ಪಿಕೊಂಡೇ ಕೆಲಸ ಮಾಡುತ್ತಿದ್ದಾರೆ. ಆದರೆ ಕೆಲಸಗಾರ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಬೇರೆ ಗತಿಯಿಲ್ಲದೆ ಒಪ್ಪಿರಬಹುದು ಎಂದು ಹದಿಮೂರನೇ ಲಿಯೋ ಜಗದ್ಗುರುಗಳು 1891ರಲ್ಲೇ ಬರೆದಿದ್ದಾರೆ.

ನಮ್ಮ ಹೆಸರು ಕೂಗಿದರು. ರವೆ ಇಡ್ಲಿ, ಸಾಗು, ಚಿಕ್ಕ ಬಟ್ಟಲಲ್ಲಿ ತುಪ್ಪ. ಆಮೇಲೆ ಬೆಳ್ಳಿ ಲೋಟದಲ್ಲಿ ಕಾಫಿ. ರುಚಿಯ ವಿಷಯ ನಾನು ಹೇಳಬೇಕಾಗಿಲ್ಲ. ಮೇಷ್ಟ್ರು ಲೋಟದ ಕಾಫಿಯನ್ನು ಆರಿಸುತ್ತಾ, ಬಿಲ್ಲಿನ ಕಡೆ ನೋಡದೆ, ಸುಮ್ಮನೆ ಕೇಳುವ ಹಾಗೆ ಕೇಳಿದರು: "ಅಂದ ಹಾಗೆ ಫಾದರ್, ನಮ್ಮ ಗುರುನಿವಾಸದ ಅಡುಗೆಯಮ್ಮನಿಗೆ ಎಷ್ಟು ಕೊಡುತ್ತೀರಿ?"

ಹೇಳಿದೆ.

"ಯಾವಾಗಿನಿಂದ ಅಷ್ಟೇ?"

ಅದಕ್ಕೆ ಉತ್ತರ ನನಗೆ ತಕ್ಷಣ ಹೊಳೆಯಲಿಲ್ಲ. ಸಂಜೆ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ನಾನು ಈ ಧರ್ಮಕೇಂದ್ರಕ್ಕೆ ಬಂದ ದಿನದಿಂದಲೂ ಅಷ್ಟೇ. ಮೂರು ವರ್ಷ. ಆಕೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಕೆಯೂ ಅದೇ ಬಸ್ಸಿನಲ್ಲಿ ಬರುವವರು.

ಮಂಗಳವಾರ ಹಣಕಾಸು ಸಮಿತಿಯ ಸಭೆ ಇದೆ. ಪಟ್ಟಿಯಲ್ಲಿ ಮೊದಲ ವಿಷಯ ಗಂಟೆಗೋಪುರದ ಸುಣ್ಣಬಣ್ಣ. ಅದರ ಮೇಲೆ ಪೆನ್ನಿನಿಂದ ಒಂದು ಸಾಲು ಸೇರಿಸಿದ್ದೇನೆ. ಸಮಿತಿಯಲ್ಲಿ ಮೇಷ್ಟ್ರೂ ಇದ್ದಾರೆ.