ಹೂಳೆತ್ತುವ ಕೈಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರದೊಂದು ಇಮೇಲ್ ಬಳಗವಿದೆ. ಒಂದೇ ವಿಳಾಸಕ್ಕೆ ಬರೆದರೆ ಸಾಕು, ಕಂಪ್ಲಿಯಲ್ಲಿರುವವಳಿಗೂ ಅಮೆರಿಕದಲ್ಲಿರುವವಳಿಗೂ ಓಲೆ ಮುಟ್ಟುತ್ತದೆ. ಕಳೆದ ವರ್ಷ ಅದು ನಾಲ್ಕು ದಿನ ನಿಂತುಹೋಯಿತು. ನೋಡಿಕೊಳ್ಳುವ ಹುಡುಗಿಗೆ ಫೋನ್ ಮಾಡಿ, "ಏನಮ್ಮಾ, ಇಷ್ಟು ಅಲಕ್ಷ್ಯವೇ?" ಎಂದುಬಿಟ್ಟೆ.

"ಮಗುವಿಗೆ ಜ್ವರ, ಟೀಚರ್. ರಾತ್ರಿ ಕೂತು ಸರಿಮಾಡ್ತೀನಿ" ಎಂದಳು.

ಈ ಕೆಲಸಕ್ಕೆ ಅವಳಿಗೆ ಯಾರೂ ಬಿಡಿಗಾಸು ಕೊಡುವುದಿಲ್ಲವೆಂಬುದು ಆಗ ನೆನಪಾಯಿತು.

ಬಳಗ ನಡೆಯುವುದು ಮೇಲ್‌ಮ್ಯಾನ್ ಎಂಬ ತಂತ್ರಾಂಶದಿಂದ. 1990ರ ದಶಕದಲ್ಲಿ ಜಾನ್ ವೀಗಾ ಆರಂಭಿಸಿದ್ದು. ಯಾರಾದರೂ ಬಳಸಬಹುದು, ತಿದ್ದಬಹುದು, ಹಣ ಕೊಡಬೇಕಿಲ್ಲ. ಆದರೆ ಒಮ್ಮೆ ಬರೆದಿಟ್ಟರೆ ಮುಗಿಯಲಿಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಎರಡನೆಯ ಆವೃತ್ತಿಯ ಪೋಷಣೆ 2020ರಲ್ಲಿ ನಿಂತಿತು. ಅದನ್ನೇ ನಂಬಿದ್ದ ಹಳೆಯ ಮೇಲ್‌ಮ್ಯಾನಿಗೂ ಮುಪ್ಪು ಬಂತು. ಅಂಥಾಗ ತೇಪೆ ಹಾಕುವವರು, ಹೊಸದಕ್ಕೆ ದಾಟಿಸುವವರು ಹೆಚ್ಚಾಗಿ ಸ್ವಯಂಸೇವಕರೇ.

ಹಂಪಿಯ ತುರ್ತಾ ಕಾಲುವೆ ವಿಜಯನಗರದ ಕಾಲದ್ದು. ಇಂದಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಕಟ್ಟಿಸಿದ ಅರಸರನ್ನು ಮಕ್ಕಳಿಗೆ ಪಾಠ ಮಾಡುತ್ತೇವೆ, ಹೂಳೆತ್ತಿದವರನ್ನು ನೆನೆಯುವುದಿಲ್ಲ. ಹಿಂದಿನವರು ನಮಗಿಂತ ತಿಳಿದವರು. ಕೆರೆಗಳನ್ನು ದುರಸ್ತಿ ಮಾಡುವವರಿಗೂ ಭೂಮಿ ಬಿಡುತ್ತಿದ್ದರು. ನೀರು ಪುಕ್ಕಟೆಯಾದರೂ ಹೂಳೆತ್ತುವವನಿಗೆ ಹೊಟ್ಟೆಯಿದೆ ಎಂದು ಅವರಿಗೆ ಗೊತ್ತಿತ್ತು.

ಇದು ನಮಗೆ, ಹೆಂಗಸರಿಗೆ, ಹೊಸ ಮಾತಲ್ಲ. ಒಲೆ ಹತ್ತದ ದಿನವೇ ಅಡಿಗೆ ಮಾಡುವವಳ ನೆನಪಾಗುವುದು. ಅದನ್ನು ಉಂಡು ತಿಳಿದ ನಾನೇ ಆ ಹುಡುಗಿಯನ್ನು ಗದರಿದೆನಲ್ಲ!

ಬರೀ ಕೃತಜ್ಞತೆಯಿಂದ ಋಣ ತೀರದು. ಕೆಲಸದಲ್ಲಿ ಪಾಲು ಕೇಳಿದೆ. ಅಪರಿಚಿತರ ಓಲೆಗಳನ್ನು ತಂತ್ರಾಂಶ ತಡೆದಿಡುತ್ತದೆ. ಅವನ್ನು ಓದಿ ಒಳಬಿಡುವುದು ಈಗ ನನ್ನ ಪಾಲಿಗೆ. ದಿನಕ್ಕೆ ಹತ್ತು ನಿಮಿಷ. ಒಂದು ಬುಟ್ಟಿ ಹೂಳು.