ಅಪ್ಪನ ನಾಯಿ, ನನ್ನ ಸುಳ್ಳು

ಎರಡು ವರ್ಷದ ಹಿಂದೆ ಅಪ್ಪ ತೆಂಗಿನ ಮರದಿಂದ ಬಿದ್ರು. ಗುಲ್ಮ, ಅಂದ್ರೆ ಸ್ಪ್ಲೀನ್, ಒಡೆದಿತ್ತು. ಅದನ್ನ ತೆಗೆದು ಜೀವ ಉಳಿಸಿದ್ರು. ಡಿಸ್‌ಚಾರ್ಜ್ ದಿನ ಡಾಕ್ಟರ್ ಲಸಿಕೆಗಳ ಪಟ್ಟಿ ಕೊಟ್ಟು, "ಮನೇಲಿ ನಾಯಿ ಇದ್ಯಾ?" ಅಂತ ಕೇಳಿದ್ರು.

ಇತ್ತು. ಕರಿಯ. ಸಂಜೆ ಅಪ್ಪ ಜಗಲಿ ಮೇಲೆ ಕೂತ್ರೆ ಅವರ ಒಡೆದ ಹಿಮ್ಮಡಿ ನೆಕ್ಕೋದು ಅದರ ನಿತ್ಯದ ಕೆಲಸ.

ನಾಯಿ ಕಚ್ಚಿತು ಅಂದ್ರೆ ನಮಗೆ ನೆನಪಾಗೋದು ರೇಬಿಸ್. ಡಾಕ್ಟರ್ ಹೇಳಿದ್ದು ಬೇರೆ ಹೆಸರು: ಕ್ಯಾಪ್ನೋಸೈಟೋಫಾಗ ಕ್ಯಾನಿಮೋರ್ಸಸ್. ಆರೋಗ್ಯವಾಗಿರೋ ನಾಯಿ, ಬೆಕ್ಕುಗಳ ಬಾಯಲ್ಲೂ ಇರೋ ಬ್ಯಾಕ್ಟೀರಿಯಾ. 1976ರಲ್ಲಿ ಮೊದಲು ವರದಿಯಾಯ್ತು. ಈ ಹೆಸರು ಸಿಕ್ಕಿದ್ದು 1989ರಲ್ಲಿ. ಬಹುತೇಕರಿಗೆ ಇದರಿಂದ ಏನೂ ಆಗಲ್ಲ. ಆದ್ರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾ ಸೋಸೋದು ಗುಲ್ಮದ ಕೆಲಸ. ಅದಿಲ್ಲದವರಿಗೆ, ವಿಪರೀತ ಕುಡಿಯೋರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಸಣ್ಣ ಕಡಿತವೂ ಸಾಕಾಗಬಹುದು, ಕೆಲವೊಮ್ಮೆ ಗಾಯ ನೆಕ್ಕಿದ್ರೂ ಸಾಕು. ತೀರಾ ಅಪರೂಪ. ಬಂದ್ರೆ ಮಾತ್ರ ರಕ್ತವೆಲ್ಲ ನಂಜಾಗಿ ಕೈಕಾಲು ಕತ್ತರಿಸಬೇಕಾಗಬಹುದು, ಜೀವಾನೂ ಹೋಗಬಹುದು.

ಅವರ ಸಲಹೆ ಇಷ್ಟೇ: ಗಾಯ ನೆಕ್ಕಿಸಬೇಡಿ. ಕಚ್ಚಿದ್ರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೀರಿ. ಜ್ವರಕ್ಕೆ ಕಾಯದೆ ತಕ್ಷಣ ಬನ್ನಿ; ರೇಬಿಸ್ ಚಿಕಿತ್ಸೆ ಜೊತೆ ಆಂಟಿಬಯಾಟಿಕ್ ಕೂಡ ಬೇಕು. ಸ್ಪ್ಲೀನ್ ಇಲ್ಲ ಅನ್ನೋದನ್ನ ಮೊದಲು ಹೇಳಿ.

ನಾಯಿಯನ್ನ ಮನೆಯಿಂದ ಕಳಿಸಿ ಅಂತ ಅವರು ಹೇಳ್ಲಿಲ್ಲ. ನಾನು ಕಳಿಸಿದೆ. ಅಪ್ಪ ಬೆಂಗಳೂರಲ್ಲಿ ನಮ್ಮನೇಲಿ ಸುಧಾರಿಸಿಕೊಳ್ತಿದ್ದಾಗ ಕರಿಯನನ್ನ ನೆಂಟರೊಬ್ಬರ ತೋಟಕ್ಕೆ ಸಾಗಿಸಿ, "ಎಲ್ಲೋ ತಪ್ಪಿಸ್ಕೊಂಡಿದೆ" ಅಂದೆ. ಊರಿಗೆ ಹೋದ ಅಪ್ಪ ಹೊಲಿಗೆ ಹಾಕಿದ ಹೊಟ್ಟೆ ಹಿಡ್ಕೊಂಡು ಮೂರು ದಿನ ಕೆರೆ ಏರಿ ಮೇಲೆ ಅದನ್ನ ಕೂಗ್ತಾ ಓಡಾಡಿದ್ರಂತೆ. ಅಮ್ಮ ಫೋನಲ್ಲಿ ಹೇಳ್ತಿದ್ರೆ ನನಗೆ ಮಾತೇ ಹೊರಡ್ಲಿಲ್ಲ.

ಒಳ್ಳೇದಕ್ಕೇ ಮಾಡಿದ್ದಲ್ವಾ? ಏನಾದ್ರೂ ಆದ್ರೆ ಐಸಿಯು ಮುಂದೆ ರಾತ್ರಿಯೆಲ್ಲ ಕೂರೋನು ನಾನು. ಹಾಗಾಗಿ ನನಗೂ ಮಾತಾಡೋ ಹಕ್ಕಿದೆ. ಆದ್ರೆ ನಾನು ಮಾತಾಡಲೇ ಇಲ್ವಲ್ಲ! ಹೇಳಿ ಕೇಳಿದ್ದಿದ್ರೆ ಅಪ್ಪ 'ಬೇಡ' ಅಂತಿದ್ರು. ಆ 'ಬೇಡ'ಕ್ಕೆ ಹೆದರಿ ಸುಳ್ಳು ಹೇಳಿದೆ. ನಾನು ಕಾಪಾಡಿದ್ದು ಅವರ ಜೀವಾನಾ, ನನ್ನ ನಿದ್ದೆನಾ? ಚಿಕ್ಕ ಮಗುವಿನ ಕೈಯಿಂದ ಚಾಕು ಕಿತ್ಕೊಳ್ಳೋಕೆ ಅದರ ಒಪ್ಪಿಗೆ ಬೇಕಿಲ್ಲ. ಅಪ್ಪ ಮಗು ಅಲ್ಲ.

ದೀಪಾವಳಿಗೆ ಹೋದಾಗ ಒಪ್ಕೊಂಡೆ. ಅಪ್ಪ ತುಂಬ ಹೊತ್ತು ಎಲೆಗೆ ಸುಣ್ಣ ಹಚ್ತಾ ಕೂತಿದ್ರು. ಆಮೇಲೆ ಅಂದ್ರು: "ಡಾಕ್ಟ್ರು ನನ್ನ ಗುಲ್ಮ ತೆಗೆದ್ರು ಕಣಪ್ಪ, ಬುದ್ಧಿ ತೆಗೆದಿರ್ಲಿಲ್ಲ."

ಮರುದಿನ ಇಬ್ಬರೂ ಹೋಗಿ ಕರಿಯನನ್ನ ಕರ್ಕೊಂಡು ಬಂದ್ವಿ. ಅಪ್ಪ ಈಗ ಸಂಜೆ ಕಾಲುಚೀಲ ಹಾಕ್ಕೊಂಡು ಜಗಲಿ ಮೇಲೆ ಕೂರ್ತಾರೆ, ಊರವರು ನಗ್ತಾರೆ. ಅವರ ಜೇಬಲ್ಲಿ 'ಸ್ಪ್ಲೀನ್ ಇಲ್ಲ' ಅಂತ ಬರೆದ ಚೀಟಿ ಇದೆ. ನನ್ನ ಹೆದರಿಕೆ ಹೋಗಿಲ್ಲ. ಆದ್ರೆ ಈಗ ಅದು ಅಪ್ಪನಿಗೂ ಗೊತ್ತು.