ಕೂಸಿನ ಹೃದಯ, ಕರ್ಮದ ಲೆಕ್ಕ

ದಿನ ತುಂಬದೆ ಹುಟ್ಟಿದ ಕೂಸು ಉಳಿಯದೆ ಹೋದಾಗ ಹಳಿಯಾಳ, ಮುಂಡಗೋಡ ಸೀಮೆಯ ಮನೆಗಳಲ್ಲಿ ಹಣೆಬರಹವನ್ನೋ ಹಿಂದಿನ ಜನ್ಮದ ಕರ್ಮವನ್ನೋ ನೆನೆಯುವುದುಂಟು. ಆದರೆ ಪಾಪಕ್ಕೆ ಬೇಕಾದ ಇಚ್ಛೆಯಾಗಲಿ ಅರಿವಾಗಲಿ ಇನ್ನೂ ಮೂಡದ ಜೀವದ ನೋವಿಗೆ ಕರ್ಮವೇ ಕಾರಣವೆನ್ನಬಹುದೇ ಎಂಬ ಪ್ರಶ್ನೆಯನ್ನು, ಇಂಥ ಶಿಶುಗಳಿಗೆ ಅಪರೂಪಕ್ಕೆ ತಗಲುವ ಶಿಲೀಂಧ್ರದ ಹೃದಯಸೋಂಕು ನಿಷ್ಠುರವಾಗಿ ಮುಂದಿಡುತ್ತದೆ.

ಶಿಲೀಂಧ್ರವೆಂದರೆ ಬೂಷ್ಟು, ಅಣಬೆಗಳ ವರ್ಗದ ಜೀವಿ. ಆ ವರ್ಗದ ಕ್ಯಾಂಡಿಡಾ ಆರೋಗ್ಯವಂತರ ಬಾಯಿ, ಕರುಳುಗಳಲ್ಲಿ ತಂಟೆಯಿಲ್ಲದೆ ಇರುತ್ತದೆ. 37 ವಾರ ತುಂಬುವ ಮೊದಲೇ ಹುಟ್ಟಿದ, ಅದರಲ್ಲೂ 1 ಕಿಲೋಗ್ರಾಂ ಸಹ ತೂಗದ ಮಗುವಿನ ಚರ್ಮ ತೆಳು, ರೋಗನಿರೋಧಕ ಶಕ್ತಿ ಅಪಕ್ವ. ಪೋಷಣೆಗಾಗಿ ಹೊಕ್ಕುಳಿನ ರಕ್ತನಾಳದಿಂದ ಹೃದಯದ ಸಮೀಪದವರೆಗೆ ಇಳಿಸುವ ಕ್ಯಾಥೆಟರ್ ಎಂಬ ನಳಿಕೆ ಶಿಲೀಂಧ್ರಕ್ಕೆ ನೆಲೆಯಾಗಬಲ್ಲದು, ಬ್ಯಾಕ್ಟೀರಿಯಾ ನಾಶಕ್ಕೆ ಕೊಟ್ಟ ಪ್ರತಿಜೀವಕಗಳು ಅದರ ಎದುರಾಳಿಗಳನ್ನು ಅಳಿಸಬಲ್ಲವು. ಶಿಲೀಂಧ್ರ ಹೃದಯದ ಬಲಗೂಡಿನಲ್ಲಿ ಗಂಟುಗಟ್ಟಿದರೆ ಆಂಫೊಟೆರಿಸಿನ್ ಔಷಧವನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯನ್ನು ಅಷ್ಟು ಪುಟ್ಟ ದೇಹ ತಾಳುವುದು ಕಷ್ಟ. ಬದುಕಿಸಲೆಂದು ತೆರೆದ ದಾರಿಯಲ್ಲೇ ರೋಗ ನುಗ್ಗುವ ಈ ಸಂಗತಿಯಲ್ಲಿ ಮಗುವಿನ ತಪ್ಪು ಎಲ್ಲಿಯೂ ಇಲ್ಲ.

ಲೋಕದ ವೈಷಮ್ಯವನ್ನು ಕಂಡು ದೇವರನ್ನು ಪಕ್ಷಪಾತಿ, ನಿರ್ದಯಿ ಎನ್ನಬಹುದೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಎತ್ತಿಕೊಂಡಿದೆ. ಶಂಕರರ ಭಾಷ್ಯದಲ್ಲಿ ಮಳೆ ಎಲ್ಲ ಬೀಜಗಳಿಗೂ ಸಮಾನ, ಬೆಳೆಯ ಭೇದ ಬೀಜದ್ದು. ಹಾಗೆಯೇ ದೇವರು ಜೀವಿಗಳ ಕರ್ಮಕ್ಕೆ ತಕ್ಕಂತೆ ಫಲವೀಯುತ್ತಾನೆ, ಸಂಸಾರ ಅನಾದಿಯಾದ್ದರಿಂದ ಮೊದಲ ಕರ್ಮ ಯಾವುದೆಂದು ಕೇಳುವಂತಿಲ್ಲ. ಈ ಸಮಾಧಾನ ದೇವರನ್ನು ದೋಷದಿಂದ ಪಾರುಮಾಡುತ್ತದೆ ನಿಜ, ಆದರೆ ಭಾರವನ್ನು ಕೂಸಿನ ಮೇಲೆ ಹೊರಿಸುತ್ತದೆ. ಹಳಿಯಾಳದ ಸಿದ್ದಿ ಸಮುದಾಯದಲ್ಲಿ ಅನೇಕರು ಅನುಸರಿಸುವ ಕ್ಯಾಥೊಲಿಕ್ ಪಂಥವೂ ಹುಟ್ಟಿನಿಂದಲೇ ಬರುವ ಮೂಲಪಾಪವೆಂಬ ಇಂಥದೇ ಭಾರದೊಡನೆ ಶತಮಾನಗಳ ಕಾಲ ಹೆಣಗಿತು. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ಮುಕ್ತಿಯನ್ನು ಆಶಿಸಲು ಆಧಾರವಿದೆ ಎಂದು ಅದರ ದೈವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು.

ಇವೆಲ್ಲಕ್ಕಿಂತ ಹೆಚ್ಚು ಮನನೀಯವಾದ ಉತ್ತರ ಬೌದ್ಧರ ಸಂಯುತ್ತನಿಕಾಯದಲ್ಲಿದೆ. ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಸೀವಕನೆಂಬ ಪರಿವ್ರಾಜಕ ಕೇಳಿದಾಗ ಬುದ್ಧ ಪಿತ್ತ, ಕಫ, ವಾತ, ಅವುಗಳ ಕೂಟ, ಋತುವಿನ ಬದಲಾವಣೆ, ಆರೈಕೆಯ ಏರುಪೇರು, ಹೊರಗಿನ ಆಘಾತಗಳನ್ನು ಹೆಸರಿಸಿ, ಕರ್ಮವನ್ನು ಎಂಟನೆಯದಾಗಿ ಮಾತ್ರ ಸೇರಿಸುತ್ತಾನೆ. ಮುಂಡಗೋಡದ ಟಿಬೆಟನ್ ಮಠಗಳ ನೆರೆಯಲ್ಲಿರುವ ಸೀಮೆಗೆ ಈ ಮಾತು ದೂರದ್ದಲ್ಲ. ಆರೈಕೆಯೂ ಒಂದು ಕಾರಣವೆಂದು ಒಪ್ಪಿದರೆ, ತೊಳೆದ ಕೈ, ಬೇಗ ತೆಗೆದ ನಳಿಕೆ, ತಾಯಿಯ ಹಾಲು, ಹುಬ್ಬಳ್ಳಿ ಧಾರವಾಡಗಳ ಆಸ್ಪತ್ರೆಗೆ ಸಕಾಲದಲ್ಲಿ ಸಿಗುವ ವಾಹನ ಇವೂ ಧರ್ಮವಿಚಾರದೊಳಗೆ ಬರುತ್ತವೆ. ಒಂದೇ ಬಗೆಯ ಆರೈಕೆ ಪಡೆದ ಎರಡು ಶಿಶುಗಳಲ್ಲಿ ಒಂದಕ್ಕೇ ಏಕೆ ರೋಗ ಬಂತೆಂಬುದು ಆಮೇಲೂ ಉಳಿಯುತ್ತದೆ. ಅಲ್ಲಿ ಕರ್ಮವನ್ನು ನಂಬುವವರು ನಂಬಬಹುದು, ಆದರೆ ಆ ನಂಬಿಕೆಯನ್ನು ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಕಾರಣವೆಂದು ಇಡುವ ಅಧಿಕಾರ ಯಾವ ಶಾಸ್ತ್ರಜ್ಞನಿಗೂ ಇಲ್ಲ.